ಗುಡ್ಡಮ್ಮ ಗುಹೆಯ ಹೊರಗೆ ಕೂತ ಚಳಿಗಾಲ

ಲೋಧಿ ಕಾಲೋನಿಯ ನಮ್ಮ ಬ್ಲಾಕಿನ ಎದುರು ಮೂರು ಸಪ್ತಪರ್ಣಿ ಮರಗಳಿವೆ. ಅಕ್ಟೋಬರ್ ಕೊನೆಗೆ ಹೂ ಬಿಡುತ್ತವೆ. ವಾಸನೆ ಸಂಜೆಗೆ ಹೆಚ್ಚು. ಕೆಲವರಿಗೆ ಹಿತ, ಕೆಲವರಿಗೆ ತಲೆನೋವು. ಆ ವಾಸನೆಯೊಳಗೆ ಹೊಗೆ ಸೇರಿದ ದಿನ ದೆಹಲಿಯಲ್ಲಿ ಚಳಿಗಾಲ ಶುರುವಾಯಿತೆಂದು ಲೆಕ್ಕ. ಈ ವರ್ಷ ಅದು ಮೊನ್ನೆ ಮಂಗಳವಾರ ಆಯಿತು. ಕಚೇರಿಗೆ ಹೊರಟವಳು ಗೇಟಿನ ಬಳಿ ನಿಂತುಬಿಟ್ಟೆ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಇದೇ ಗಾಳಿಯಲ್ಲಿ, ನಾನು ಒಂದು ತಪ್ಪು ವರದಿ ಬರೆದಿದ್ದೆ. ಅದು ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ. ಓದಿದವರು, ಕೇಳಿದವರು ಸೇರಿ ನಾಲ್ಕೇ ಜನ. ಅವರಲ್ಲಿ ಒಬ್ಬಳು ನನ್ನ ಮಗಳು.

ನಾವು ಮೈಸೂರಿನಿಂದ ಬಂದದ್ದು ಆ ವರ್ಷದ ಜೂನ್‌ನಲ್ಲಿ. ನನ್ನ ಗಂಡ ಶ್ರೀಧರ್‌ಗೆ ಸಚಿವಾಲಯಕ್ಕೆ ವರ್ಗವಾಗಿತ್ತು. ನಾನು ನಮ್ಮ ಪತ್ರಿಕೆಯ ಡೆಸ್ಕಿನಿಂದ ದೆಹಲಿ ಬ್ಯೂರೋಗೆ ಕೇಳಿ ಹಾಕಿಸಿಕೊಂಡೆ. ಮೇದಿನಿ ಹನ್ನೊಂದನೇ ತರಗತಿಗೆ ಸೇರಿದಳು. ಆಗಲೇ ಐದು ಅಡಿ ಹನ್ನೊಂದು ಅಂಗುಲ ಇದ್ದಳು. ಭುಜ ಅಗಲ, ಕೈ ದೊಡ್ಡದು. ಮೊದಲ ವಾರ ತರಗತಿಯಲ್ಲಿ ಹಿಂದಿಯಲ್ಲಿ ಏನೋ ಉತ್ತರ ಕೊಟ್ಟಳಂತೆ, ಎಲ್ಲರೂ ನಕ್ಕರಂತೆ. ಹಿಂದಿನ ಬೆಂಚಿನಿಂದ ಯಾರೋ ಅವಳಿಗೆ ‘ಖಂಭಾ’ ಎಂದು ಹೆಸರಿಟ್ಟರು. ಕಂಬ ಎಂದರ್ಥ. ಅಂದಿನಿಂದ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಇದು ಅತಿಶಯೋಕ್ತಿಯಲ್ಲ, ಸೆಪ್ಟೆಂಬರಿನಲ್ಲಿ ಕ್ಲಾಸ್ ಟೀಚರ್ ನಮ್ಮನ್ನು ಕರೆಸಿ ಹೇಳಿದ್ದು ಅದನ್ನೇ. ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ, ಹಾಜರಿ ಕರೆದಾಗ ಕೈ ಎತ್ತುತ್ತಾಳೆ. ಡಿಸೆಂಬರಿನ ಮೌಖಿಕ ಪರೀಕ್ಷೆಗೆ ಹೀಗೇ ನಿಂತರೆ ಸೊನ್ನೆ ಕೊಡದೆ ವಿಧಿಯಿಲ್ಲ ಎಂದರು.

ಅಂದು ಮನೆಗೆ ಬಂದು ಶ್ರೀಧರ್ ಮೈಸೂರಿಗೆ ಫೋನು ಮಾಡಿದರು. ಅವರ ಅಕ್ಕ ಕುವೆಂಪುನಗರದಲ್ಲಿದ್ದಾರೆ. “ಕಳಿಸಿಬಿಡ್ರೋ, ನನ್ನ ಹತ್ರ ಇರಲಿ. ಮಗು ಅಲ್ಲಿ ಮೂಕಿ ಆಗ್ಬಿಡ್ತಾಳೆ,” ಎಂದರು ಅವರು. ಡಿಸೆಂಬರ್ ರಜೆಯ ಹೊತ್ತಿಗೆ ತೀರ್ಮಾನಿಸುವುದೆಂದಾಯಿತು. ಮೇದಿನಿಯನ್ನು ಕೇಳಿದೆವು. ಭುಜ ಕುಣಿಸಿದಳು. ಮಗಳನ್ನು ಹದಿನಾರಕ್ಕೇ ಬೇರೆ ಮನೆಗೆ ಕಳಿಸುವುದೋ, ಇಲ್ಲಿ ಹೀಗೇ ಬಿಡುವುದೋ, ಯಾವುದು ಕಡಿಮೆ ಕೆಟ್ಟದ್ದು ಎಂದು ಯೋಚಿಸುತ್ತ ಆ ತಿಂಗಳುಗಳನ್ನು ಕಳೆದೆ.

ಇಮ್ತಿಯಾಜ್ ನನಗೆ ಪರಿಚಯವಾದದ್ದು ನಮ್ಮ ಪುರವಣಿಗೆ ಕೋಟೆಗಳ ಬಗ್ಗೆ ಒಂದು ಲೇಖನ ಬರೆದುಕೊಟ್ಟಾಗ. ವಿಜಯಪುರದ ಹುಡುಗ, ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಮಾತಿನ ನಡುವೆ, ಭಾನುವಾರ ಮಧ್ಯಾಹ್ನ ತಾನೊಂದು ಆಟ ನಡೆಸುತ್ತೇನೆಂದೂ ಒಬ್ಬರು ಕಡಿಮೆ ಇದ್ದಾರೆಂದೂ ಹೇಳಿದ. “ಮಾತಾಡೋ ಆಟ ಮೇಡಂ. ಕಳಿಸಿ ನೋಡ್ರಿ.” ಮಾತಾಡದವಳನ್ನು ಮಾತಾಡುವ ಆಟಕ್ಕೆ ಕಳಿಸಬೇಕೇ ಎಂದು ಎರಡು ವಾರ ಅನುಮಾನಿಸಿದೆ. ಕೊನೆಗೆ ನಾನೇ ಕರೆದುಕೊಂಡು ಹೋದೆ.

ಆಟ ನಡೆಯುತ್ತಿದ್ದದ್ದು ವಸಂತ್ ಕುಂಜ್‌ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಮನೆಯವರು ಪದ್ಮಿನಿ, ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ. ಅವರ ಮಗ ಅದ್ವೈತ್ ಆಟಗಾರರಲ್ಲೊಬ್ಬ. ಅವನು ಹುಟ್ಟಿದ್ದೇ ದೆಹಲಿಯಲ್ಲಿ. ಇನ್ನೊಬ್ಬಳು ಜೆನಿಫರ್, ಮಂಗಳೂರಿನವಳು, ಎಂ.ಎ. ಓದುತ್ತಿದ್ದಳು. ಏರ್ ಪ್ಯೂರಿಫೈಯರ್ ಇದ್ದದ್ದು ಊಟದ ಕೋಣೆಯಲ್ಲಿ ಮಾತ್ರ. ಆದ್ದರಿಂದ ಎಲ್ಲರೂ ಅಲ್ಲೇ, ಕಿಟಕಿಯ ಸಂದಿಗಳಿಗೆ ಟೇಪು ಅಂಟಿಸಿಕೊಂಡು ಕೂರುತ್ತಿದ್ದರು.

ಆಟದ ಕ್ರಮ ಸರಳ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಎದುರಾದದ್ದಕ್ಕೆ ತಾನೇನು ಮಾಡುತ್ತೇನೆಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಅದು ಫಲಿಸಿತೇ ಇಲ್ಲವೇ ಎನ್ನುವುದನ್ನು ದಾಳ ನಿರ್ಧರಿಸುತ್ತದೆ. ನಿಯಮಗಳು, ಲೋಕ, ಕುಲಗಳು ಎಲ್ಲವನ್ನೂ ಇಮ್ತಿಯಾಜ್ ತಾನೇ ಕಟ್ಟಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಮೇಜಿನ ಮೇಲೆ ಚೌಕ ಚೌಕ ಗೆರೆ ಎಳೆದ ಡ್ರಾಯಿಂಗ್ ಶೀಟು. ಶತ್ರುಗಳಿಗೆ ರಾಜ್ಮಾ ಕಾಳು. ಅದ್ವೈತ್ ಬಿಲ್ಲುಗಾರ, ಅವನ ಕಾಯಿ ಪೆನ್ನಿನ ಮುಚ್ಚಳ. ಜೆನಿಫರ್ ಬೀಗ ತೆಗೆಯುವ ಕುಳ್ಳ ಮುದುಕ, ಒಂದು ಕವಡೆ. ಮೇದಿನಿ ಕುಲಗಳ ಪಟ್ಟಿಯ ಮೇಲೆ ಬೆರಳಾಡಿಸಿ ಕೊನೆಯ ಸಾಲಿನಲ್ಲಿ ನಿಲ್ಲಿಸಿದಳು: ರಕ್ಕಸ ಕುಲ. ಹತ್ತಡಿ ಎತ್ತರ, ನಾಲ್ಕು ಚೌಕದ ಮೈ, ಎರಡು ಚೌಕ ದೂರದವರೆಗೂ ಕೈ ಎಟಕುತ್ತದೆ.

“ಹೆಸರು?” ಎಂದ ಇಮ್ತಿಯಾಜ್.

“ಗುಡ್ಡಮ್ಮ,” ಎಂದಳು ಮೇದಿನಿ.

ನಾಲ್ಕು ಚೌಕಕ್ಕೆ ಸಾಲುವ ಕಾಯಿ ಸಿಗಲಿಲ್ಲ. ಪದ್ಮಿನಿ ಅಡುಗೆಮನೆಯಿಂದ ಕುಕ್ಕರಿನ ವಿಸಿಲ್ ತಂದುಕೊಟ್ಟು, “ಆರು ಗಂಟೆಗೆ ವಾಪಸ್ ಬೇಕು, ಬೇಳೆ ಇಡಬೇಕು,” ಎಂದರು.

ಮೂರನೇ ಭಾನುವಾರ ನಾನು ಮಗಳ ದನಿ ಕೇಳಿದೆ. ಪಕ್ಕದ ಕೋಣೆಯಲ್ಲಿ ಪ್ರೂಫ್ ನೋಡುತ್ತಿದ್ದೆ. “ನೀವು ಹೋಗಿ! ನಾನು ಬಾಗಿಲಲ್ಲಿ ನಿಲ್ತೀನಿ. ಯಾರು ಬಂದರೂ ನನ್ನ ದಾಟಿಕೊಂಡೇ ಬರಬೇಕು!” ಎದೆಯಿಂದ ಎದ್ದ ದಪ್ಪ ದನಿ. ಯಾರೋ ಬೇರೆಯವರು ಬಂದಿದ್ದಾರೆಂದುಕೊಂಡೆ. ಎದ್ದು ನೋಡಿದರೆ ಅವಳು ಕುರ್ಚಿ ಬಿಟ್ಟು ನಿಂತು, ಎರಡು ಕೈ ಚಾಚಿದ್ದಳು. ಆ ಕೋಣೆಯಲ್ಲಿ ತನ್ನ ಎತ್ತರಕ್ಕೆ ತಕ್ಕಂತೆ ನಿಂತಿದ್ದಳು. ಐದು ತಿಂಗಳಿಂದ ಅವಳು ಬೆನ್ನು ಬಾಗಿಸಿಯೇ ನಡೆಯುತ್ತಿದ್ದಳೆಂದು ನನಗೆ ತಿಳಿದದ್ದು ಆಗಲೇ.

ಮೆಚ್ಚಿ ಕೂರುವಷ್ಟು ಸಮಯ ಸಿಗಲಿಲ್ಲ. ನವೆಂಬರಿನ ಮೊದಲ ಭಾನುವಾರ, ಹೊರಗೆ ಎದುರಿನ ಬ್ಲಾಕೂ ಕಾಣದಷ್ಟು ಹೊಗೆ ಕವಿದಿದ್ದಾಗ, ಅದ್ವೈತ್ ದಾಳ ಕೆಳಗಿಟ್ಟ.

“ಭಯ್ಯಾ, ಯೇ ತೋ ಹದ್ ಹೈ, ಅತಿಯಾಯ್ತು. ನಾನು ಬಾಣ ಎಳೆಯೋದ್ರೊಳಗೆ ಗುಡ್ಡಮ್ಮ ಸಬ್ ಕೋ ಹೊಡೆದು ಮುಗಿಸ್ತಾಳೆ. ಫಿರ್ ನಾನ್ಯಾಕೆ ಬರ್ಬೇಕು?”

“ನಿನ್ನ ಬಾಣ ಗೋಡೆಗೆ ಬೀಳ್ತದೆ ಮಾರಾಯ, ಅದಕ್ಕೆ ಅವಳೆಂತ ಮಾಡ್ಲಿಕ್ಕೆ?” ಎಂದಳು ಜೆನಿಫರ್.

“ಜೋಕ್ ಅಲ್ಲ, ಜೆನ್ನಿ ದೀದಿ. ಅನ್‌ಫೇರ್ ಅಂದ್ರೆ ಅನ್‌ಫೇರ್.”

ಇಮ್ತಿಯಾಜ್ ನೋಟ್‌ಬುಕ್ ಮುಚ್ಚಿದ. ಅವನ ಮುಖದಲ್ಲೂ ಆತಂಕವಿತ್ತು. ಆಮೇಲೆ ನನಗೆ ಹೇಳಿದ, ದೊಡ್ಡ ಕುಲಗಳ ತೊಂದರೆಯೇ ಇದು ಎಂದು. ದೊಡ್ಡದನ್ನು ದೊಡ್ಡದಾಗಿಯೇ ಬಿಟ್ಟರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಕತ್ತರಿಸಿದರೆ ರಕ್ಕಸನ ವೇಷ ಹಾಕಿದ ಮನುಷ್ಯ ಉಳಿಯುತ್ತಾನೆ. ಎಷ್ಟು ಕತ್ತರಿಸಬೇಕೆಂಬುದು ಯಾವ ಪುಸ್ತಕದಲ್ಲೂ ಸರಿಯಾಗಿ ಇಲ್ಲ. ಅದ್ವೈತ್ ಆಟ ಬಿಟ್ಟರೆ ಅವನ ಮನೆಯ ಕೋಣೆಯೂ ಹೋಗುತ್ತದೆ, ಆಟವೂ ನಿಲ್ಲುತ್ತದೆ.

“ಮೇಡಂ, ನೀವು ಪೇಪರಿನೋರು,” ಎಂದ ಅವನು. “ಮೂರು ವಾರ ಇಲ್ಲೇ ಕೂತು ಆಗಿದ್ದನ್ನ ಆದಂಗ ಬರದ್ ಕೊಡ್ರಿ. ಅದನ್ನ ನೋಡಿ ತೀರ್ಮಾನ ಮಾಡೋಣ. ನಾ ಬರದ್ರ ಒಬ್ಬರ ಕಡೆ ಅಂತಾರ.”

“ನನ್ನ ಮಗಳೇ ಆಡುತ್ತಿದ್ದಾಳಲ್ಲ,” ಎಂದೆ.

“ನೀವು ಒಲವು ತೋರಿಸಂಗಿಲ್ಲ, ಗೊತ್ತದ.”

ನಿಜ, ತೋರಿಸಲಿಲ್ಲ. ತೋರಿಸಬಾರದೆಂಬ ಹಟವೇ ಜಾಸ್ತಿಯಾಯಿತು. ಮೇಜಿನ ಮೂಲೆಯಲ್ಲಿ ವರದಿಗಾರರ ಉದ್ದ ಪ್ಯಾಡಿನಲ್ಲಿ ಮೂರು ವಾರ ಟಿಪ್ಪಣಿ ಮಾಡಿಕೊಂಡೆ. ಮನೆಗೆ ಹೋಗಿ ಶುದ್ಧಪ್ರತಿ ಮಾಡಿದೆ. ಯಾರು ಹೊಡೆದರು, ಯಾರಿಗೆ ಹೊಡೆದರು, ಏನಾಯಿತು. ಇಬ್ಬರ ಏಟಿಗೆ ಬಿದ್ದ ಶತ್ರುವನ್ನು ಕೊನೆಯ ಏಟು ಹಾಕಿದವರ ಹೆಸರಿಗೆ ಬರೆದೆ. ಅದು ಬಹುಪಾಲು ಗುಡ್ಡಮ್ಮ. ಕೊನೆಗೆ ಒಂದು ಸಾಲಿನ ಸಾರಾಂಶ: ‘ಬಿದ್ದ ಶತ್ರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುಡ್ಡಮ್ಮನ ಏಟಿಗೆ.’ ಒಂದೇ ಪುಟ. ವಿಶೇಷಣವೇ ಇಲ್ಲ. ಡೆಸ್ಕಿನಲ್ಲಿ ಯಾರಾದರೂ ತಂದುಕೊಟ್ಟಿದ್ದರೆ ಒಂದಕ್ಷರ ಮುಟ್ಟದೆ ಪಾಸು ಮಾಡುತ್ತಿದ್ದೆ.

ಇಮ್ತಿಯಾಜ್ ಅದನ್ನು ಗಟ್ಟಿಯಾಗಿ ಓದಿದ. ಅದ್ವೈತ್, “ದೇಖಾ?” ಎಂದ. ಮೇದಿನಿ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿ, ವಾಪಸ್ ತಿರುಗಿಸಿಟ್ಟಳು. ಆಮೇಲೆ ಇಮ್ತಿಯಾಜ್ ಕಡಿತಗಳನ್ನು ಹೇಳಿದ. ಗುಡ್ಡಮ್ಮನ ಕೈ ಇನ್ನು ಒಂದೇ ಚೌಕ ಎಟಕುತ್ತದೆ. ಏಟಿನ ಬಲ ಅರ್ಧ. ಎಂಟಡಿಗಿಂತ ಚಿಕ್ಕ ಬಾಗಿಲಲ್ಲಿ, ಕಿರಿದಾದ ಸುರಂಗದಲ್ಲಿ ಅವಳು ಹೋಗುವಂತಿಲ್ಲ.

ಅಂದಿನ ಕಥೆ ಒಂದು ಗುಹೆಯದು. ಗುಹೆಯ ಬಾಯಿ ಆರಡಿ.

ಬಿಲ್ಲುಗಾರನೂ ಮುದುಕನೂ ಒಳಗೆ ಹೋದರು. ಕುಕ್ಕರಿನ ವಿಸಿಲ್ ಶೀಟಿನ ಅಂಚಿನಲ್ಲಿ ಉಳಿಯಿತು. ಎರಡೂವರೆಯಿಂದ ಐದರವರೆಗೆ ಗುಡ್ಡಮ್ಮ ಹೊರಗೆ ಕೂತಳು. ಇಮ್ತಿಯಾಜ್ ನಡುವೆ ಎರಡು ಬಾರಿ, “ಗುಡ್ಡಮ್ಮ, ಹೊರಗ ಏನ್ ನಡದದ?” ಎಂದು ಕೇಳಿದ. ಮೇದಿನಿ ಮೊದಲ ಸಲ “ಏನಿಲ್ಲ” ಎಂದಳು. ಎರಡನೇ ಸಲ ತಲೆಯಾಡಿಸಿದಳು. ನಾನು ಟಿಪ್ಪಣಿ ಮಾಡಿಕೊಳ್ಳುತ್ತಲೇ ಇದ್ದೆ. ಅವಳ ಬೆನ್ನು ಬಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅದನ್ನು ಬರೆಯಲು ನನ್ನ ಪುಟದಲ್ಲಿ ಕಾಲಂ ಇರಲಿಲ್ಲ.

ಆಟೊದಲ್ಲಿ ವಾಪಸಾಗುವಾಗ, “ನಿನಗೆ ಬೇಜಾರಾಯ್ತಾ?” ಎಂದು ಕೇಳಿದೆ.

“ಇಲ್ಲಮ್ಮ. ನೀನು ಬರೆದಿದ್ದು ಸರಿಯಾಗೇ ಇತ್ತಲ್ಲ,” ಎಂದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

ಮುಂದಿನ ಭಾನುವಾರವೂ ಗುಹೆ ಮುಗಿಯಲಿಲ್ಲ. ಅವಳು ಮತ್ತೆ ಹೊರಗೆ ಕೂತಳು. ಅದರ ಮುಂದಿನ ಶನಿವಾರ, ತಾನಿನ್ನು ಬರುವುದಿಲ್ಲ ಎಂದಳು. ಆ ವಾರ ಮನೆಯಲ್ಲೂ ಮಾತು ನಿಂತಿತು. ಚಪಾತಿ ಬೇಕೇ ಎಂದರೆ ಬೆರಳು ತೋರಿಸುತ್ತಿದ್ದಳು. ಕ್ಲಾಸ್ ಟೀಚರ್ ಮತ್ತೆ ಫೋನು ಮಾಡಿ ಮೌಖಿಕ ಪರೀಕ್ಷೆಯ ದಿನ ತಿಳಿಸಿದರು. ಹನ್ನೆರಡು ದಿನ ಉಳಿದಿತ್ತು. ಶ್ರೀಧರ್ ಯಾರಿಗೂ ಹೇಳದೆ ಮೈಸೂರಿನ ರೈಲು ನೋಡುತ್ತಿದ್ದರು. ಅವರ ಫೋನಿನ ಪರದೆ ನನ್ನ ಕಣ್ಣಿಗೆ ಬಿತ್ತು.

ಆ ವಾರದ ಕೊನೆಗೆ, ಶನಿವಾರ ಮಧ್ಯಾಹ್ನ, ಪ್ಯಾಡು ತೆಗೆದುಕೊಂಡು ಕೂತೆ. ಏನು ಹುಡುಕುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ವರದಿಯ ಮೇಲೆ ಆಕ್ಷೇಪ ಬಂದರೆ ಮೂಲ ಟಿಪ್ಪಣಿ ನೋಡುವುದು ನಮ್ಮಲ್ಲಿ ಕ್ರಮ. ಆಕ್ಷೇಪ ಯಾರೂ ಎತ್ತಿರಲಿಲ್ಲ. ಆದರೂ ನೋಡಿದೆ. ನನ್ನ ಅಕ್ಷರದಲ್ಲೇ ಇತ್ತು. ‘ಗು. ಬಾಗಿಲಲ್ಲಿ. ಸರದಿ ಬಿಟ್ಟಳು.’ ‘ಸೇತುವೆ: ಈಟಿ ಅದ್ವೈತ್ ಕಡೆಗೆ, ಗು. ಅಡ್ಡ ನಿಂತಳು.’ ‘ಗು. ಮುದುಕನನ್ನು ಹೊತ್ತಳು. ಏಟು 3.’ ಪುಟದಿಂದ ಪುಟಕ್ಕೆ ಹೀಗೆ. ಶತ್ರುಗಳು ಮೊದಲು ಕಾಣುವುದು ದೊಡ್ಡವಳನ್ನು, ಮೊದಲು ಹೊಡೆಯುವುದೂ ಅವಳನ್ನೇ. ಇವು ಯಾವುವೂ ಶುದ್ಧಪ್ರತಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದರೆ ನಾನು ಕಲಿತದ್ದು ಹಾಗೆ. ಸೇತುವೆ ಕುಸಿದರೆ ಸುದ್ದಿ ಮಾಡುತ್ತೇವೆ. ಕುಸಿಯದ ದಿನ ಅದರ ಮೇಲೆ ಎಷ್ಟು ಲಾರಿ ಹೋದವೆಂದು ಬರೆಯುವುದಿಲ್ಲ. ಅದ್ವೈತ್ ಸಾಯಲಿಲ್ಲ. ಸಾಯದೆ ಇದ್ದದ್ದಕ್ಕೆ ಕಾರಣವಾದವಳನ್ನು ನಾನು ಕತ್ತರಿಸಿ ಹಾಕಿದ್ದೆ.

ಅರ್ಧ ಪುಟ ಬರೆದು ಶ್ರೀಧರ್‌ಗೆ ಓದಿ ತೋರಿಸಿದೆ.

“ಮಕ್ಕಳ ಆಟಕ್ಕೆ ಕೊರಿಜೆಂಡಮ್ಮಾ?” ಎಂದರು. ಸರ್ಕಾರಿ ಕಡತದಲ್ಲಿ ತಿದ್ದೋಲೆಗೆ ಆ ಹೆಸರು. ಆಮೇಲೆ ನನ್ನ ಮುಖ ನೋಡಿ, “ಎಲ್ಲಿ ತಪ್ಪಾಯಿತೋ ಅಲ್ಲೇ ಹೊರಡಿಸಬೇಕು ಕಣೆ. ಮನೇಲಿ ಓದಿದ್ರೆ ಪ್ರಯೋಜನ ಇಲ್ಲ,” ಎಂದರು.

ಭಾನುವಾರ ಒಬ್ಬಳೇ ವಸಂತ್ ಕುಂಜ್‌ಗೆ ಹೋದೆ. ಮೂವರೂ ಆಟ ಶುರುಮಾಡಿ ಅರ್ಧ ಗಂಟೆಯಾಗಿತ್ತು. ಜೆನಿಫರಳ ಮುದುಕ ಸತ್ತು ಮಲಗಿದ್ದ. ಕವಡೆ ಮಗುಚಿ ಬಿದ್ದಿತ್ತು.

“ಎರಡೇ ಏಟಿಗೆ ಹೋದ ಆಂಟಿ, ಪಾಪ,” ಎಂದಳು ಅವಳು.

ನಿಂತೇ ಓದಿದೆ: “ತಿದ್ದುಪಡಿ. ಮೂರು ವಾರಗಳ ವರದಿಯಲ್ಲಿ ಯಾರು ಶತ್ರುಗಳನ್ನು ಕೆಡವಿದರೆಂಬುದನ್ನು ಮಾತ್ರ ಕೊಡಲಾಗಿತ್ತು. ಶತ್ರುಗಳ ಏಟು ಯಾರ ಮೇಲೆ ಬಿತ್ತೆಂಬುದನ್ನು ಕೊಟ್ಟಿರಲಿಲ್ಲ. ಆ ಏಟುಗಳಲ್ಲಿ ಬಹುಪಾಲು ಗುಡ್ಡಮ್ಮನ ಮೇಲೆ ಬಿದ್ದಿವೆ. ಎರಡು ಬಾರಿ ಅವಳು ತನ್ನ ಸರದಿ ಬಿಟ್ಟು ಬಾಗಿಲು ಕಾದಿದ್ದಾಳೆ. ಸೇತುವೆಯ ಮೇಲೆ ಬಿಲ್ಲುಗಾರನಿಗೆ ಬಂದ ಈಟಿಯನ್ನು ತಾನು ತಡೆದಿದ್ದಾಳೆ. ಈ ವಿವರಗಳು ಟಿಪ್ಪಣಿಯಲ್ಲಿದ್ದು ವರದಿಯಲ್ಲಿ ಬಿಟ್ಟುಹೋಗಿದ್ದವು. ತಪ್ಪು ವರದಿಗಾರ್ತಿಯದು.”

“ಸೇತುವೆ ಮೇಲೆ…” ಎಂದ ಅದ್ವೈತ್, “ಮೈಂ ತೋ ಗಯಾ ಹೀ ಥಾ, ಸತ್ತೇ ಹೋಗ್ತಿದ್ದೆ. ಮರೆತೇ ಹೋಗಿತ್ತು ಯಾರ್.”

ಇಮ್ತಿಯಾಜ್ ನೋಟ್‌ಬುಕ್ ತೆರೆದು ಕಡಿತಗಳ ಸಾಲಿನ ಮೇಲೆ ಪೆನ್ನಿಟ್ಟ. ಆಮೇಲೆ ಹೊಡೆದುಹಾಕದೆ ಕೈ ತೆಗೆದ. “ಬ್ಯಾಡ. ಒಂದ್ ಸಲ ಆಕೀನ್ನ ಕೇಳದ ತೀರ್ಪು ಕೊಟ್ವಿ. ಮತ್ತ ಕೇಳದ ಮಾಫಿ ಮಾಡೋದೂ ಅಷ್ಟ. ಏಳ್ರಿ, ಮನೀಗೇ ಹೋಗೋಣ.”

“ಅಭೀ? ಚಲೋ,” ಎಂದು ಅದ್ವೈತ್ ಶೀಟು ಸುತ್ತಿದ.

“ನನ್ನ ವಿಸಿಲ್!” ಎಂದು ಪದ್ಮಿನಿ ಒಳಗಿನಿಂದ ಕೂಗಿದರು. ಯಾರೂ ನಿಲ್ಲಲಿಲ್ಲ. ಎರಡು ಆಟೊ ಮಾಡಿದೆವು.

ದಾರಿಯುದ್ದಕ್ಕೂ ನನಗೆ ಹೆದರಿಕೆ. ಹೇಳದೆ ಕೇಳದೆ ಮೂವರನ್ನು ಕರೆದೊಯ್ಯುತ್ತಿದ್ದೆ. ಅವಳು ಕೋಣೆಯ ಚಿಲಕ ಹಾಕಿಕೊಂಡರೆ? ಅವಳು ಬಾಯಿಬಿಟ್ಟಿದ್ದ ಇದೊಂದು ಮೇಜೂ ಕೊನೆಯಾಗುತ್ತಿತ್ತು, ಅದಕ್ಕೆ ಕಾರಣ ಎರಡನೇ ಸಲವೂ ನಾನೇ ಆಗುತ್ತಿದ್ದೆ.

ಬಾಗಿಲು ತೆಗೆದವಳು ಮೇದಿನಿಯೇ. ನೋಡಿದಳು, ಅರ್ಧ ಮುಚ್ಚಿದಳು.

“ಗುಡ್ಡಮ್ಮ ಅದಾರೇನ್ರಿ?” ಎಂದ ಇಮ್ತಿಯಾಜ್.

ಅವಳು ನಗಲಿಲ್ಲ. ಆದರೆ ಬಾಗಿಲು ಬಿಟ್ಟು ಒಳಗೆ ನಡೆದಳು. ಹಾಲ್‌ನ ನೆಲದ ಮೇಲೆ ಎಲ್ಲರೂ ಕೂತರು. ತಿದ್ದುಪಡಿಯನ್ನು ಇನ್ನೊಮ್ಮೆ ಓದಿದೆ. ಅವಳು ನೆಲ ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಶ್ರೀಧರ್ ಚಹಾದ ಸೌಟು ಹಿಡಿದು ನಿಂತಿದ್ದರು.

“ನನ್ನ ಯಾಕೆ ಕೇಳಲಿಲ್ಲ ನೀವು?” ಎಂದಳು ಮೇದಿನಿ.

ಇಮ್ತಿಯಾಜ್ ನೋಟ್‌ಬುಕ್ ತೆರೆದು ಅವಳ ಮುಂದಿಟ್ಟ.

“ಕೇಳಿದ್ರೆ ನಾನೇ ಹೇಳ್ತಿದ್ದೆ. ಕೈ ಎರಡು ಚೌಕ ಎಟಕೋದು ಜಾಸ್ತಿನೇ. ಅದ್ವೈತ್ ಹೇಳಿದ್ದು ಸರಿ, ಅವನ ಸರದಿ ಬರೋದ್ರೊಳಗೆ ಎಲ್ಲ ಮುಗಿದಿರುತ್ತೆ. ಅದನ್ನ ತೆಗೀರಿ. ತಿರುಗೋಕೂ ನನಗೆ ಸಮಯ ಹಿಡೀಬೇಕು, ಇಷ್ಟು ದೊಡ್ಡ ಮೈ. ಹಿಂದಿನಿಂದ ಬಂದೋರು ನನಗೆ ಕಾಣಬಾರದು. ಅದನ್ನ ಅದ್ವೈತ್ ನೋಡ್ಕೋಬೇಕು.”

“ಓ ತೆರೀ,” ಎಂದ ಅದ್ವೈತ್.

“ಆದ್ರೆ ಬಾಗಿಲು!” ಅವಳು ಮಂಡಿಯ ಮೇಲೆ ಎದ್ದಳು. “ರಕ್ಕಸರು ಇರೋ ಊರಲ್ಲಿ ಬರೀ ಆರಡಿ ಬಾಗಿಲು ಯಾರು ಕಟ್ತಾರೆ? ಇಮ್ತಿಯಾಜ್ ಅಣ್ಣ, ನಿಮ್ಮ ಕೋಟೆಗಳಲ್ಲಿ ಆನೆ ಹೋಗೋ ಬಾಗಿಲು ಇತ್ತೋ ಇಲ್ಲವೋ?”

“ಇತ್ತವ್ವ,” ಎಂದ ಅವನು, ಸೋತವನಂತೆ. “ನಾನ ಅದರ ಮ್ಯಾಲ ಒಂದ್ ಅಧ್ಯಾಯ ಬರದೀನಿ.”

“ಮತ್ತೆ? ಸಣ್ಣ ಗುಹೆ ಇದ್ರೆ ಇರಲಿ. ನಾನು ಗೋಡೆ ಒಡೀತೀನಿ. ಅದಕ್ಕೆ ಹೊತ್ತು ಹಿಡಿಯುತ್ತೆ, ಸದ್ದಾಗುತ್ತೆ, ಒಳಗಿರೋ ಶತ್ರುಗಳೆಲ್ಲ ಎದ್ದು ಕಾಯ್ತಾರೆ. ಅದು ದೊಡ್ಡವಳಾಗಿರೋದಕ್ಕೆ ಶಿಕ್ಷೆ, ಒಪ್ತೀನಿ. ಹೊರಗೆ ಕೂರು ಅನ್ನೋದು ಒಪ್ಪಲ್ಲ. ನನ್ನ ಏಟು ಕಡಿಮೆ ಮಾಡಿ, ಆಟ ಕಡಿಮೆ ಮಾಡ್ಬೇಡಿ!”

ಇಮ್ತಿಯಾಜ್ ವಾದಿಸಿದ, ಅವಳು ಬಿಡಲಿಲ್ಲ. ಜೆನಿಫರ್ ತನ್ನ ಸತ್ತ ಮುದುಕನನ್ನು ಬದುಕಿಸಿಕೊಡಬೇಕೆಂದು ನಡುವೆ ಅರ್ಜಿ ಹಾಕಿದಳು. ಮೇದಿನಿ ಅದನ್ನು ತಿರಸ್ಕರಿಸಿದಳು. ಅದ್ವೈತ್ ಹಿಂದಿಯಲ್ಲಿ ಕೇಳಿದ್ದಕ್ಕೆ ಅವಳೂ ಹಿಂದಿಯಲ್ಲೇ ಉತ್ತರಿಸಿದಳು, ತಪ್ಪುತಪ್ಪಾಗಿ, ಗಟ್ಟಿಯಾಗಿ. ನಾನು ಅಭ್ಯಾಸಬಲದಿಂದ ಪ್ಯಾಡು ತೆರೆದಿದ್ದೆ.

“ಅಮ್ಮ, ನೀನಿನ್ನು ಬರೀಬೇಡ,” ಎಂದಳು. “ಆಡೋದಾದ್ರೆ ಕೂತ್ಕೊ. ಇಲ್ದಿದ್ರೆ ಅಪ್ಪಂಗೆ ಚಹಾ ಸೋಸಿಕೊಡು.”

ಚಹಾ ಸೋಸಲು ಹೋದೆ.

ಒಂದು ಮಧ್ಯಾಹ್ನದಿಂದ ಎಲ್ಲ ಸರಿಯಾಯಿತೆಂದು ಬರೆದರೆ ಅದೂ ತಪ್ಪು ವರದಿ. ಮುಂದಿನ ವಾರವೂ ಅವಳು ಶಾಲೆಯಲ್ಲಿ ಮಾತಾಡಲಿಲ್ಲವೆಂದು ಟೀಚರ್ ಹೇಳಿದರು. ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ಮಂಜಿಗೆ ಶಾಲೆಯ ಕಟ್ಟಡವೇ ಕಾಣುತ್ತಿರಲಿಲ್ಲ. ಮಕ್ಕಳು ಬಿಳಿಯೊಳಗಿಂದ ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ಅವಳು ಬಂದಳು. ಮುಖದಿಂದ ಏನೂ ತಿಳಿಯಲಿಲ್ಲ.

“ಎರಡು ನಿಮಿಷ ಮಾತಾಡಿದೆ,” ಎಂದಳು. “ಐದು ನಿಮಿಷ ಮಾತಾಡಬೇಕಿತ್ತು. ನಡುವೆ ನಿಂತುಹೋಯ್ತು.”

“ಆಮೇಲೆ?”

“ನಕ್ಕರು. ಮೂರು ಜನ. ಅವರು ನಕ್ಕು ಮುಗಿಸೋವರೆಗೆ ಕಾದೆ. ಆಮೇಲೆ ಇನ್ನೊಂದು ನಿಮಿಷ ಮಾತಾಡಿದೆ.” ಸ್ವಲ್ಪ ತಡೆದು, “ಪಾಸಾಗುತ್ತೋ ಇಲ್ವೋ ಗೊತ್ತಿಲ್ಲ,” ಎಂದಳು.

ಮೈಸೂರಿನ ಮಾತು ನನ್ನ ಬಾಯಿಗೆ ಬಂದಿತ್ತು. ಸಂಜೆಯೊಳಗೆ ಟಿಕೆಟ್ ಮಾಡಿಸಬೇಕೆಂದು ಶ್ರೀಧರ್ ಬೆಳಿಗ್ಗೆ ಹೇಳಿದ್ದರು. ನಾನು ಕೇಳುವ ಮೊದಲೇ ಅವಳು ಕೈ ಚಾಚಿದಳು.

“ಫೋನ್ ಕೊಡು. ಅತ್ತೆಗೆ ನಾನೇ ಹೇಳ್ತೀನಿ, ಬರಲ್ಲ ಅಂತ. ನೀವು ಹೇಳಿದ್ರೆ ಅವರು ಬೈತಾರೆ.”

ಕೊಟ್ಟೆ. ಅವಳು ನಂಬರು ಒತ್ತಿ ಕಿವಿಗಿಟ್ಟುಕೊಂಡು ಬಸ್‌ಸ್ಟಾಪಿನ ಕಡೆ ದೊಡ್ಡ ದೊಡ್ಡ ಹೆಜ್ಜೆ ಹಾಕಿದಳು. ಅತ್ತ ಕಡೆಯಿಂದ ಬೈಗುಳವೇ ಇರಬೇಕು. ಅವಳು ನಡೆಯುತ್ತಲೇ ಎದುರುತ್ತರ ಕೊಡುತ್ತಿದ್ದಳು. ಆ ಹೆಜ್ಜೆಗೆ ನಾನು ಸಮ ಬರಲಾರದೆ ಹಿಂದೆ ಬಿದ್ದೆ. ಮಂಜಿನಲ್ಲಿ ಮೊದಲು ಅವಳ ಚೀಲ ಕಾಣದಾಯಿತು, ಆಮೇಲೆ ತಲೆ. ದನಿ ಮಾತ್ರ ಬಹಳ ದೂರದವರೆಗೂ ಕೇಳುತ್ತಿತ್ತು.